ನೊರೆಯಕ್ಕನಿಗೆ ಸವೆದ ಸಾಬೂನು ಬೇಕು

ಬೀದಿದೀಪಗಳು ಇನ್ನೂ ಆರಿಲ್ಲ. ಅಡುಗೆಮನೆಯ ಕಿಟಕಿಯನ್ನು ಅಗಲವಾಗಿ ತೆರೆದು, ಗಂಡನ ಕೆಲಸದ ಕನ್ನಡಕವನ್ನು ಮೂಗಿನ ಮೇಲೇರಿಸಿ, ಮೊಣಕೈವರೆಗೆ ರಬ್ಬರ್ ಕೈಗವಸು ಎಳೆದುಕೊಂಡು ನೊರೆಯಕ್ಕ ನಿಂತಿದ್ದಾರೆ. ದಾರಿಹೋಕರು ಯಾರಾದರೂ ಇಣುಕಿದರೆ ಪೊಲೀಸರಿಗೆ ಫೋನು ಮಾಡಬೇಕು, ಹಾಗಿದೆ ವೇಷ. ಅಳೆದಿಟ್ಟ ತಣ್ಣೀರಿಗೆ ಕಾಸ್ಟಿಕ್ ಸೋಡಾದ ಹರಳುಗಳನ್ನು ಚೂರುಚೂರೇ ಉದುರಿಸಿ ಕದಡುತ್ತಾರೆ. ಒಲೆ ಹಚ್ಚಿಲ್ಲ, ಬೆಂಕಿ ತಗುಲಿಲ್ಲ, ನೀರು ತಾನೇ ಕಾದು ಹೊಗೆಯಾಡುತ್ತದೆ.

"ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರೀಬಾರದು. ಅವಸರ ಮಾಡಿದ್ರೆ ಮುಖಕ್ಕೇ ಹಾರತ್ತೆ, ಥೇಟ್ ನಮ್ಮತ್ತೆ ಥರ" ಎನ್ನುತ್ತಾರೆ, ಸಾಬೂನು ಮಾಡುವುದನ್ನು ನೋಡಲು ಬಂದ ನನಗೆ ಮೆಲ್ಲಗೆ.

"ಕೇಳಿಸ್ತು ಕಣೇ!" ಎಂದು ಒಳಕೋಣೆಯಿಂದ ದನಿ ಬರುತ್ತದೆ. "ಮೊದಲು ನನ್ನ ಶಾಲು ಎಲ್ಲಿ ಅಂತ ಹೇಳು!"

ಶಾಲು ಸಾಬೂನಿನ ಮೈಮೇಲಿದೆ. ನಿನ್ನೆ ಅಚ್ಚಿನ ಪೆಟ್ಟಿಗೆಗೆ ತುಂಬಿದ ಮಿಶ್ರಣ ಬೆಚ್ಚಗಿದ್ದಷ್ಟೂ ಚೆನ್ನಾಗಿ ಕೂಡಿಕೊಳ್ಳುತ್ತದೆ. ಮನೆಯಲ್ಲಿ ಒಳ್ಳೆಯ ಉಣ್ಣೆಯ ಶಾಲು ಇರುವುದು ಒಂದೇ. ಆದ್ದರಿಂದ ಮೂಲೆಯ ಮರದ ಪೆಟ್ಟಿಗೆ ಶಾಲು ಹೊದ್ದು ಸುಖವಾಗಿ ಮಲಗಿದೆ, ಅತ್ತೆ ಎರಡು ಸ್ವೆಟರು ಹಾಕಿಕೊಂಡು ಹೊರಳಾಡುತ್ತಿದ್ದಾರೆ.

ಬೀದಿಯವರೆಲ್ಲ ಅವರನ್ನು ನೊರೆಯಕ್ಕ ಎಂದೇ ಕರೆಯುವುದು. ತಮಾಷೆಯೆಂದರೆ, ಹೋದ ವರ್ಷದವರೆಗೆ ಅವರ ಸಾಬೂನಿನ ನೊರೆಯನ್ನು ಆ ಬೀದಿಯಲ್ಲಿ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಅವರು ಹುಟ್ಟಾ ಸಾಬೂನಿನವರಲ್ಲ. ಮೊದಲು ಒಂದು ವಸತಿಗೃಹದ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆ ಒಗೆಯುತ್ತಿದ್ದರು. ಒಗೆಯುವ ಪುಡಿಯ ಕಾವಿಗೆ ಅಂಗೈ ಬಿರುಕು ಬಿಟ್ಟು, ರಾತ್ರಿ ಊಟಕ್ಕೆ ಕೂತರೆ ಉಪ್ಪು ತಾಗಿ ಕಣ್ಣಲ್ಲಿ ನೀರು. ಇಸ್ತ್ರಿ ಮಾಡುತ್ತಿದ್ದ ಹಿರಿಯಾಕೆಯೊಬ್ಬರು, ಕೊಬ್ಬರಿ ಎಣ್ಣೆಗೆ ಸ್ವಲ್ಪ ಹರಳೆಣ್ಣೆ ಬೆರೆಸಿ ಮನೆಯಲ್ಲೇ ಸಾಬೂನು ಮಾಡುವುದನ್ನು ಹೇಳಿಕೊಟ್ಟರು. ಕೈ ವಾಸಿಯಾಯಿತು. ವಾಸಿಯಾದ ಕೈ ಸುಮ್ಮನೆ ಕೂರಲಿಲ್ಲ. ಲಾಂಡ್ರಿ ಬಿಟ್ಟು, ಬೆಳ್ಳನೆಯ ಸಾದಾ ಬಿಲ್ಲೆಗಳನ್ನು ಮಾಡಿ ವಾರದ ಸಂತೆಗೆ ಒಯ್ದರು.

"ಎಲ್ಲರೂ ಬಂದು ಮೂಸಿ ನೋಡೋರು, 'ಬಟ್ಟೆ ಸೋಪಾ?' ಅನ್ನೋರು, ಹೋಗೋರು. ಒಬ್ಬರಂತೂ ಚೀಸ್ ಅಂದ್ಕೊಂಡು ಬೆಲೆ ಕೇಳಿದ್ರು."

ಆಮೇಲೆ ಬಣ್ಣ ಬಂತು. ಸ್ವೆಟರು ಹೆಣೆಯುವ ಕಡ್ಡಿಯಿಂದ ಹಸಿ ಮಿಶ್ರಣದಲ್ಲಿ ಸುಳಿ ಎಬ್ಬಿಸುವುದನ್ನು ಕಲಿತರು. ಗುಲಾಬಿ, ಶಂಖ, ಮೇಲೆ ಕೆನೆ ಹಚ್ಚಿದಂತಿರುವ ಕೇಕಿನ ತುಂಡು. ಸಂತೆಯಲ್ಲಿ ತಟ್ಟೆ ಖಾಲಿ. ಉಡುಗೊರೆ ಅಂಗಡಿಯವನು ಮನೆ ಹುಡುಕಿಕೊಂಡು ಬಂದ. ನೊರೆಯಕ್ಕ ಗೆದ್ದೆ ಎಂದುಕೊಂಡರು. ಆದರೆ ಯಾರ ಮನೆಗೆ ಹೋದರೂ ಅವರ ಗುಲಾಬಿ ಗಾಜಿನ ಕಪಾಟಿನಲ್ಲಿ ಗೊಂಬೆಯ ಪಕ್ಕ ಕೂತು ಧೂಳು ತಿನ್ನುತ್ತಿತ್ತು. ಬಚ್ಚಲಲ್ಲಿ ಅಂಗಡಿಯ ಸೋಪು.

"'ಅಯ್ಯೋ ಅಕ್ಕಾ, ಇಷ್ಟು ಚೆನ್ನಾಗಿರೋದನ್ನ ಮೈಗೆ ಉಜ್ಜೋಕೆ ಮನಸ್ಸು ಬರತ್ತಾ?' ಅಂತಾರೆ. ಹೊಗಳ್ತಾ ಇದಾರೋ ಹೊಟ್ಟೆ ಉರಿಸ್ತಾ ಇದಾರೋ ಗೊತ್ತಾಗಲ್ಲ. ಅಡುಗೆ ಮಾಡಿ ಬಡಿಸಿದ್ರೆ, ತಟ್ಟೆಗೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದ ಹಾಗೆ. ನನ್ನ ಸಾಬೂನು ಒಂದಾದ್ರೂ ಯಾರ ಕೈಯಲ್ಲಾದ್ರೂ ಸವೆದು ಚೂರಾಗಿದ್ದನ್ನ ನೋಡಬೇಕು ಅಂತಿತ್ತು, ಅಷ್ಟೇ."

ಸ್ವಂತ ಮನೆಯಲ್ಲೂ ಅದು ಕೈಗೂಡಲಿಲ್ಲ. ಗಂಡ ಲಿಫ್ಟ್ ರಿಪೇರಿಯವರು. ಗ್ರೀಸು ಹತ್ತಿದ ಕೈಗೆ ಅವರಿಗೆ ಸೀಮೆಎಣ್ಣೆಯೇ ಬೇಕು. ಅತ್ತೆಗೆ ಅಂಗಡಿಯ ಕೆಂಪು ಸೋಪಿನ ಮೇಲೆ ಪ್ರಾಣ. "ನಾನು ಹುಟ್ಟಿದಾಗಿಂದ ಕೆಂಪು ಸೋಪು, ಹೋಗೋವಾಗಲೂ ಅದೇ. ನಿನ್ನ ಕೇಕಿನಲ್ಲಿ ಸ್ನಾನ ಮಾಡಿದ್ರೆ ಇರುವೆ ಮುತ್ತಿಕೊಳ್ಳಲ್ವೇನೇ?" ಎಂದು ಅತ್ತೆಯ ವಾದ. ಕತ್ತರಿಸಿದ ಬಿಲ್ಲೆಗಳು ಒಣಗಿ ಗಟ್ಟಿಯಾಗಲು ನಾಲ್ಕಾರು ವಾರ ಬೇಕು. ಅಷ್ಟೂ ದಿನ ಅವು ಇರುವುದು ಅತ್ತೆಯ ಮಂಚದ ಕೆಳಗೆ, ಗಾಳಿಯಾಡುವ ತಟ್ಟೆಗಳಲ್ಲಿ. "ನನಗೆ ಜ್ವರ ಬಂದ್ರೆ ಇಷ್ಟು ಸಲ ಬಗ್ಗಿ ನೋಡಲ್ಲ" ಎಂಬ ಗೊಣಗಾಟ ಮೇಲಿನಿಂದ ಬರುತ್ತಲೇ ಇರುತ್ತದೆ.

ಎಲ್ಲ ತಲೆಕೆಳಗಾದದ್ದು ಒಂದು ಎಡವಟ್ಟಿನಿಂದ. ಉಡುಗೊರೆ ಅಂಗಡಿಯವನು ಒಂದು ತಟ್ಟೆ ಗುಲಾಬಿ ಬೇಕೆಂದು ಹೇಳಿ, ಹೂವಿನ ಹೊಸ ಸುಗಂಧದ ಸೀಸೆಯೊಂದನ್ನು ತಾನೇ ತಂದುಕೊಟ್ಟಿದ್ದ. ಹೊಸ ಸುಗಂಧವನ್ನು ಮೊದಲು ಒಂದು ಬಟ್ಟಲು ಮಿಶ್ರಣಕ್ಕೆ ಹಾಕಿ ನೋಡುವುದು ನೊರೆಯಕ್ಕನ ಪದ್ಧತಿ. ಕೆಲವು ಹೂವಿನ ಸುಗಂಧಗಳಿಗೆ ಮಿಶ್ರಣವನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಲ್ಲಾಗಿಸುವ ಚಾಳಿ ಇದೆ. ಆ ಬೆಳಿಗ್ಗೆ ಅತ್ತೆ ಶಾಲಿಗಾಗಿ ಅಡುಗೆಮನೆಗೇ ನುಗ್ಗಿದರು. ಇಬ್ಬರೂ ಶಾಲಿನ ಎರಡು ತುದಿ ಹಿಡಿದು ಎಳೆದಾಡಿದರು. ಆ ಸಿಟ್ಟಿನಲ್ಲಿ ನೊರೆಯಕ್ಕ ಬಟ್ಟಲನ್ನು ಮರೆತು ಇಡೀ ಸೀಸೆಯನ್ನು ಪಾತ್ರೆಗೇ ಬಗ್ಗಿಸಿದರು.

ಗಂಜಿಯಂತಿದ್ದದ್ದು ಗಾರೆಯಾಯಿತು. ಕಡೆಯುವ ಯಂತ್ರ ಪಾತ್ರೆಯ ನಡುವೆ ಕಂಬದ ಹಾಗೆ ನೆಟ್ಟಗೆ ನಿಂತಿತು. ಗಂಡ ಓಡಿ ಬಂದು, ಪಾತ್ರೆಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. "ಏಳನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡ ಲಿಫ್ಟನ್ನ ಇಳಿಸಿದೀನಿ. ಇದು ಬರ್ತಿಲ್ವಲ್ಲೇ!"

ಎಣ್ಣೆ ಎಸೆಯಲು ಮನಸ್ಸು ಬರದೆ ನೊರೆಯಕ್ಕ ಆ ಗಾರೆಯನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ಪೆಟ್ಟಿಗೆಗೆ ತುಂಬಿದರು. ವಾರಗಳು ಕಳೆದು ಹೊರಬಂದದ್ದು ಬೂದುಹಸಿರು ಬಣ್ಣದ, ಗಂಟುಗಂಟಾದ, ಬೆರಳಿನ ಗುರುತು ಮೂಡಿದ ಮುದ್ದೆಗಳು. ಅಂಗಡಿಯವನು ನೋಡಿ ಬಾಗಿಲಿನಿಂದಲೇ ಹಿಂದಿರುಗಿದ. ಒಂದರಿಂದ ಕೈ ತೊಳೆದು ನೋಡಿದರೆ ಹಿತವಾಗಿಯೇ ಇತ್ತು. ಅಕ್ಕಪಕ್ಕದವರಿಗೆ ಹಂಚಿ, ನಾಚಿಕೊಂಡು ಮನೆಯೊಳಗೆ ಕೂತರು.

ಅಂಥ ಕುರೂಪವನ್ನು ಗಾಜಿನ ಕಪಾಟಿನಲ್ಲಿ ಇಡುವವರು ಯಾರು? ಎಲ್ಲರೂ ಸೀದಾ ನಲ್ಲಿಯ ಪಕ್ಕಕ್ಕೆ ಎಸೆದರು. ನಲ್ಲಿಯ ಪಕ್ಕದಲ್ಲಿದ್ದದ್ದು ಕೈಗೆ ಸಿಕ್ಕಿತು. ಕೈಗೆ ಸಿಕ್ಕಿದ್ದು ನೊರೆ ಬಿಟ್ಟಿತು.

ಮೊದಲು ಬಾಗಿಲು ತಟ್ಟಿದ್ದು ಪಕ್ಕದ ಮನೆಯ ಕನ್ನಡಕದಂಗಡಿಯವರ ಹೆಂಡತಿ. "ಅಕ್ಕಾ, ಆ ದರಿದ್ರದ್ದು ಇನ್ನೊಂದು ಇದ್ಯಾ?"

"ಯಾವ ದರಿದ್ರದ್ದು?"

"ಅದೇ ಅಕ್ಕಾ, ತುಳಿದ ಹಾಗಿತ್ತಲ್ಲ, ಅದು. ಮುಗಿದುಹೋಯ್ತು. ನಮ್ಮನೆಯವರು ದಿನಾ ಎರಡು ಸಲ ಸ್ನಾನ ಮಾಡ್ತಿದಾರೆ, ನಂಗೇ ಅನುಮಾನ ಬಂದಿದೆ!"

ಮುಗಿದುಹೋಯ್ತು! ಆ ಮಾತನ್ನು ನೊರೆಯಕ್ಕ ಆಕೆಯ ಬಾಯಿಂದ ಮೂರು ಸಲ ಹೇಳಿಸಿದರಂತೆ. ಆದರೆ ಮುಗಿದದ್ದನ್ನು ಕಣ್ಣಾರೆ ನೋಡುವುದು ಹೇಗೆ? ನೋಡಿದ್ದು ಅದೇ ವಾರ, ತಮ್ಮದೇ ಬಚ್ಚಲು ತೊಳೆಯುವಾಗ. ಅತ್ತೆಯ ಸೋಪಿನ ಡಬ್ಬಿ ತೆರೆದರೆ ಕೆಂಪು ಸೋಪು ಮೂಳೆಯಂತೆ ಒಣಗಿ ಬಿರಿದಿದೆ. ಅದರ ಅಡಿಯಲ್ಲಿ, ಎಲೆಯಷ್ಟು ತೆಳ್ಳಗೆ ಸವೆದ, ಬೂದುಹಸಿರು ಚೂರೊಂದು ಬಚ್ಚಿಟ್ಟುಕೊಂಡಿದೆ. ಅದಕ್ಕೆ ಅಂಟಿದ ಒಂದು ಬಿಳಿಕೂದಲು.

"ಇದೇನು ಅತ್ತೆ?"

"ಇಲಿ ತಂದು ಹಾಕಿರಬೇಕು."

"ಆ ಇಲಿ ಇದ್ರಲ್ಲೇ ತಲೇನೂ ತೊಳೆದುಕೊಂಡಿದೆ. ವಾಸನೆ ನಿಮ್ಮ ಜಡೆಯಿಂದ ಬರ್ತಿದೆ."

"ನನ್ನ ಮಂಚದ ಕೆಳಗೆ ಇತ್ತಲ್ಲ, ಅದಕ್ಕೇ ಹತ್ತಿಕೊಂಡಿದೆ" ಎಂದು ಅತ್ತೆ ಗೋಡೆ ಕಡೆ ತಿರುಗಿದರು.

ನೊರೆಯಕ್ಕ ಆ ಚೂರನ್ನು ಒರೆಸಿ, ಮುಂದಿನ ಕೋಣೆಯ ಗಾಜಿನ ಕಪಾಟಿನಲ್ಲಿ, ಪುಟ್ಟ ತಟ್ಟೆಯ ಮೇಲಿಟ್ಟು ಬೀಗ ಹಾಕಿದರು. ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ. ಗಂಡ ಮಾತ್ರ, "ಊರವರು ಕಪಾಟಲ್ಲಿ ಇಟ್ರೆ ಬೈತೀಯ. ನೀನು ಮಾಡಿದ್ದೇನು?" ಎಂದು ಆಗಾಗ ಕೆಣಕುತ್ತಾರೆ.

ಈಗ ಬೀದಿಗೆಲ್ಲ ಆ ದರಿದ್ರದ್ದೇ ಬೇಕು. ಸಂಕಟವೆಂದರೆ, ಬೇಕೆಂದು ಕೆಡಿಸಲು ನೊರೆಯಕ್ಕನಿಗೆ ಬರುವುದಿಲ್ಲ. ಮುದ್ದೆಯನ್ನು ಗುದ್ದುತ್ತಲೇ ಬೆರಳು ತನ್ನಷ್ಟಕ್ಕೆ ಅಂಚು ನೀವಿ ನಯ ಮಾಡಿಬಿಡುತ್ತದೆ. ಅದಕ್ಕೆ ಉಪಾಯ ಹುಡುಕಿದ್ದಾರೆ. ಇಂದು ಬೆಳಿಗ್ಗೆಯೂ ಅದೇ. ತಣಿದ ಸೋಡಾ ನೀರನ್ನು ಎಣ್ಣೆಗೆ ಸುರಿದು ಕಡೆದು, ಹೂವಿನ ಸೀಸೆ ಬಗ್ಗಿಸಿ, ಯಂತ್ರವನ್ನು ಸರಕ್ಕನೆ ಹೊರಗೆಳೆದು, "ಬನ್ರೀ!" ಎಂದು ಕೂಗುತ್ತಾರೆ. ಗಂಡ ನಿದ್ದೆಗಣ್ಣಲ್ಲೇ ಕೈಗವಸು ತೊಟ್ಟು ಬಂದು ನಾಲ್ಕು ಗುದ್ದು ಗುದ್ದಿ ಹೋಗುತ್ತಾರೆ. "ಇವರ ಕೈಗೆ ನಯ ಅನ್ನೋದೇ ಗೊತ್ತಿಲ್ಲ. ದೇವರು ಕೊಟ್ಟ ವರ" ಎಂದು ನೊರೆಯಕ್ಕ ಹೆಮ್ಮೆಪಡುತ್ತಾರೆ.

ಅಷ್ಟರಲ್ಲಿ ಬಚ್ಚಲಿನಿಂದ ದನಿ. "ಲೇ! ಸೋಪು ಮುಗಿದಿದೆ!"

"ಕೆಂಪು ಸೋಪು ಅಲ್ಲೇ ಇದೆಯಲ್ಲ ಅತ್ತೆ!"

ಒಳಗೆ ಸೋಪಿನ ಡಬ್ಬಿ ತೆರೆದು ಮುಚ್ಚಿದ ಸದ್ದು. "ಅದು ಮೈ ಗೀರತ್ತೆ. ಆ ದರಿದ್ರದ್ದು ಕೊಡು."

"ಮಂಚದ ಕೆಳಗಿರೋದು ಇನ್ನೂ ಹಸಿ. ಎರಡು ವಾರ ಬೇಕು."

"ಕಪಾಟಲ್ಲಿ ಇಟ್ಟಿದೀಯಲ್ಲ, ನಂದು. ಅದನ್ನ ಕೊಡು. ಇವತ್ತಿಗೆ ಸಾಕು."

ನೊರೆಯಕ್ಕ ಕೈಗವಸು ಕಳಚುತ್ತಾರೆ. ಗಾಜಿನ ಕಪಾಟಿನ ಮುಂದೆ ಬಂದು ನಿಲ್ಲುತ್ತಾರೆ. ಇದು ಕರಗಿದರೆ ಇಂಥದ್ದು ಮತ್ತೆ ಸಿಗದು, ಗುಟ್ಟು ಬಯಲಾದ ಮೇಲೆ ಅತ್ತೆ ಇನ್ನು ಯಾವ ಚೂರನ್ನೂ ಬಚ್ಚಿಡುವುದಿಲ್ಲ, ಅದು ಅವರಿಗೂ ಗೊತ್ತು. ಸೆರಗಿನ ತುದಿಯಿಂದ ಕೀಲಿ ಬಿಚ್ಚಿ, ಬೀಗ ತೆಗೆದು, ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಬಚ್ಚಲ ಬಾಗಿಲ ಸಂದಿಯಿಂದ ಚಾಚುತ್ತಾರೆ. ಒಳಗಿನಿಂದ ಸುಕ್ಕುಗಟ್ಟಿದ ಒದ್ದೆ ಕೈಯೊಂದು ಅದನ್ನು ಕಿತ್ತುಕೊಂಡು ಮಾಯವಾಗುತ್ತದೆ.

ಚೊಂಬಿನಿಂದ ನೀರು ಸುರಿಯುವ ಸದ್ದು. ನೊರೆಯಕ್ಕ ಹಿತ್ತಲಿಗೆ ಬಂದು ಬಚ್ಚಲ ಗೋಡೆಗೊರಗಿ ಕಿವಿಗೊಟ್ಟು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಬಚ್ಚಲ ತೂಬಿನಿಂದ ಹಿತ್ತಲಿನ ಮೋರಿಗೆ ಬೆಳ್ಳನೆ ನೊರೆ ಹರಿದು ಬರುತ್ತದೆ.

"ನೋಡಿ" ಎನ್ನುತ್ತಾರೆ, ಮೋರಿಯ ಕಡೆ ಬೆರಳು ತೋರಿಸಿ. "ಖಾಲಿಯಾಯ್ತು."