ನೀರಿಗೆ ಬಿಟ್ಟ ಜಾಗ

ನನ್ನ ಹೆಂಡತಿ ಚೌಡೇಶ್ವರಿಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿದ ಕಾಲು ರಾಯದುರ್ಗಕ್ಕೆ ವಾಪಸ್ ಬಂದ ಮೇಲೂ ತುಳಿಯುತ್ತಲೇ ಇದೆ. ಬಸ್ಸಿನಲ್ಲಿ ಕೂತರೂ, ಮದುವೆಮನೆಯ ಕುರ್ಚಿಯಲ್ಲಿ ಕೂತರೂ ಬಲಗಾಲು ನೆಲ ಒತ್ತುತ್ತದೆ. ನಾನು ಎಷ್ಟು ಗದರಿದರೂ ಅಷ್ಟೇ.

ಇಲ್ಲಿನ ಜೀನ್ಸ್ ಯೂನಿಟ್ಟಿನಲ್ಲಿ ನಾನು ಹೊಲಿಯುತ್ತೇನೆ, ಅವಳು ಕಂಪ್ಯೂಟರಿನಲ್ಲಿ ಮಾರ್ಕರ್ ಹಾಕುತ್ತಾಳೆ. ಪ್ಯಾಂಟಿನ ತುಂಡುಗಳನ್ನೆಲ್ಲ ಬಟ್ಟೆಯ ಅಗಲಕ್ಕೆ ಒತ್ತೊತ್ತಾಗಿ ಜೋಡಿಸಿ, ಕತ್ತರಿ ಎಲ್ಲೆಲ್ಲಿ ಹೋಗಬೇಕೆಂದು ಗುರುತಿಸುವ ಕೆಲಸ. ಎರಡು ಕಾಲಿನ ತುಂಡುಗಳ ಸಂದಿಯಲ್ಲಿ ಜೇಬು, ಜೇಬಿನ ಪಕ್ಕ ಬೆಲ್ಟ್ ಪಟ್ಟಿ. ಅಂಗೈಯಗಲ ಬಟ್ಟೆ ವೇಸ್ಟಾದರೆ ಆ ದಿನ ಅವಳಿಗೆ ಅನ್ನ ಸೇರುವುದಿಲ್ಲ.

ಅದೇ ಕಂಪ್ಯೂಟರಿನಲ್ಲಿ ಅವಳ ತಮ್ಮ ರವಿತೇಜ ಒಂದು ಆಟ ತೋರಿಸಿದ. ಗನ್ನು ಕಟ್ಟಿಕೊಂಡ ಗಾಡಿಗಳು ಒಂದನ್ನೊಂದು ಗುದ್ದಿ ಉರುಳಿಸುವ ಆಟ. ನೀರಿರುವ, ಮೇಲೆ ಕೆಳಗೆ ಅಂತಸ್ತುಗಳಿರುವ ಒಂದು ಅಖಾಡವನ್ನು ಕಂಪ್ಯೂಟರಿನಲ್ಲೇ ಕಟ್ಟಿಕೊಡಿ, ಚೆನ್ನಾಗಿದ್ದರೆ ನಿಮ್ಮ ಹೆಸರು ಹಾಕಿ ಆಟಕ್ಕೆ ಸೇರಿಸುತ್ತೇವೆ ಎಂದು ಆಟ ತಯಾರಿಸಿದ ಕಂಪನಿಯವರು ಕರೆ ಕೊಟ್ಟಿದ್ದರಂತೆ. ಕೆಲಸವಿಲ್ಲದವರ ಕೆಲಸ ಎಂದೆ ನಾನು. ಅವಳ ಕಾಲು ಜೋರಾಯಿತು.

"ಇಷ್ಟು ವರ್ಷ ಯಾರ್ಯಾರದೋ ಲೇಬಲ್ ಹಚ್ಚೀನ್ರಿ," ಎಂದಳು. "ಒಂದರ ಮ್ಯಾಲಾದ್ರೂ ನನ್ನ ಹೆಸರು ಇರ್ಲಿ."

ರಜೆಯ ದಿನಗಳಿಗೆ ಯೂನಿಟ್ಟಿನ ಬೀಗದ ಕೈ ನಾನೇ ಕೇಳಿ ತಂದುಕೊಟ್ಟೆ.

ಹತ್ತಿರದ ಭೈರವಾನಿತಿಪ್ಪದ ಡ್ಯಾಮನ್ನೇ ಅವಳು ಮಾದರಿಗೆ ಎತ್ತಿಕೊಂಡಳು. ಮೇಲೆ ಡ್ಯಾಮಿನ ಏರಿ, ನಡುವೆ ಕಾಲುವೆ, ಅಡಿಯಲ್ಲಿ ಡ್ಯಾಮಿನ ತಳ. ಹಗರಿ ಹೊಳೆ ಬಂದು ತಳ ತುಂಬುವಾಗ ಗಾಡಿಗಳು ಮೇಲಕ್ಕೆ ಓಡಬೇಕು, ಇಲ್ಲದಿದ್ದರೆ ಮುಳುಗಬೇಕು. ಪ್ರತಿ ರಜೆಯಲ್ಲೂ ಯೂನಿಟ್ಟಿಗೆ ಹೋಗಿ ಕೂತಳು. ಮನೆಯಲ್ಲಿ ಸಾರು ಸೀದುಹೋಯಿತು, ಕರೆಂಟು ಹೋದರೆ ಬಾಗಿಲಿಗೂ ಬೀದಿಗೂ ತಿರುಗಿದಳು. ಕೊನೆಗೆ ರವಿತೇಜ ತನ್ನ ಗೆಳೆಯರನ್ನು ಸೇರಿಸಿ ಆಡಿಸಿದ. ನೀರು ಬರುವ ಮೊದಲೇ ಗಾಡಿಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡವು. ನೀರು ಬಂತು, ಎಲ್ಲರೂ ಮುಳುಗಿದರು, ಒಬ್ಬೊಬ್ಬರಾಗಿ ಆಟ ಬಿಟ್ಟು ಹೋದರು.

"ತಿರುಗಾಕ ಜಾಗನ ಇಲ್ಲಲ್ಲ ಅಕ್ಕ," ಎಂದ ರವಿತೇಜ.

ನಾನೂ ಬಗ್ಗಿ ನೋಡಿದೆ. ಎರಡು ಕಂಬಗಳ ಸಂದಿಯಲ್ಲಿ ದಾರಿ, ದಾರಿಯ ಕೆಳಗೆ ಸುರಂಗ, ಸುರಂಗದ ಪಕ್ಕ ತೂಬು. ಡ್ಯಾಮಿಗೂ ಮಾರ್ಕರ್ ಹಾಕಿಬಿಟ್ಟಿದ್ದಳು. ಒಂದನ್ನೂ ತೆಗೆಯಲು ಒಪ್ಪಲಿಲ್ಲ. ಖಾಲಿ ಬಿಟ್ಟರೆ ದಂಡವಲ್ಲವೇ ಎಂದು ನನ್ನ ಮೇಲೇ ಹರಿಹಾಯ್ದಳು. ಕಳಿಸುವ ಗಡುವು ಹತ್ತಿರ ಬಂದಿತ್ತು.

ಅವಳ ಚಡಪಡಿಕೆ ತಡೆಯಲಾಗದೆ, ಡ್ಯಾಮನ್ನಾದರೂ ಒಮ್ಮೆ ಸರಿಯಾಗಿ ನೋಡು ಬಾ ಎಂದು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ತಳದಲ್ಲಿ ನೀರಿಗಿಂತ ಕುರಿಗಳೇ ಹೆಚ್ಚಾಗಿದ್ದವು. ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದಳು, ಆಮೇಲೆ ನನ್ನ ಪಕ್ಕ ಬಂದು ನಿಂತಳು.

"ನೀರಿಗಂತ ಎಷ್ಟು ಜಾಗ ಖಾಲಿ ಬಿಟ್ಟಾರ ನೋಡ್ರಿ," ಎಂದಳು. "ನಾ ಒಂಚೂರೂ ಬಿಟ್ಟಿಲ್ಲ."

ವಾಪಸ್ ಬಂದವಳೇ ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಳಿಸಿದಳು. ಒಳ್ಳೆಯ ಬಟ್ಟೆಯ ಥಾನಿಗೆ ಸುಮ್ಮನೆ ಕತ್ತರಿ ಹಾಕುವವಳಂತೆ ಪ್ರತಿ ಸಲವೂ ಮುಖ ಕಿವುಚಿದಳು. ನನಗೇ ಸಂಕಟವಾಯಿತು. ರವಿತೇಜನ ಗೆಳೆಯರು ಮತ್ತೆ ಆಡಿದರು, ಈ ಸಲ ಯಾರೂ ಬಿಟ್ಟು ಹೋಗಲಿಲ್ಲ. ಗಡುವಿನೊಳಗೆ ಕಳಿಸಿದಳು. ಆಮೇಲಿನ ಕಾಯುವಿಕೆಯಲ್ಲಿ ಅವಳ ಕಾಲು ಕೊಟ್ಟ ಕಾಟ ನನಗೇ ಗೊತ್ತು.

ಒಂದು ಮಧ್ಯಾಹ್ನ ರವಿತೇಜ ನಮ್ಮಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿದ. ಪರದೆಯ ಮೇಲೆ ಅವಳ ಡ್ಯಾಮಿನ ಏರಿ ಬಂತು, ನೀರು ಬಂತು, ಕೆಳಗೆ ಅವಳ ಹೆಸರು ಬಂತು. ನಾನು ಅವಳ ಕಾಲು ನೋಡಿದೆ. ನಿಂತಿತ್ತು. ಮದುವೆಯಾದಾಗಿನಿಂದ ಅದು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ, ನನಗೆ ಅಳು ಬಂತು.

ಅಷ್ಟರಲ್ಲಿ ಹೆಸರು ಮರೆಯಾಗಿ ಗಾಡಿಗಳು ತಳಕ್ಕಿಳಿದವು.

"ಆ ಎಡಗಡೆ ಇನ್ನೊಂಚೂರು ಜಾಗ ಬಿಡಬೇಕಿತ್ತು ನೋಡ್ರಿ," ಎಂದಳು.

ಕಾಲು ಮತ್ತೆ ನೆಲ ಒತ್ತತೊಡಗಿತು. ನಾನು ಗದರಲಿಲ್ಲ.