ಮಂಜು ತೆಗೀತಿದ್ದೆ ಅಂದಿದ್ದಕ್ಕೆ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಡೆದದ್ದು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ನಾಮಕರಣದ ವಿಡಿಯೋ ಮಾಡುವುದು ನನ್ನ ಕೆಲಸ. ಗೆಳೆಯ ಸುಮಂತ ನೀರುನಾಯಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ. "ಪ್ರಾಣಿಗಳನ್ನ ನಾನು ತೆಗೀತೀನಿ ಮಾರಾಯ, ಭದ್ರಾ ಹೊಳೆ ಮೇಲೆ ಮಂಜು ಏಳೋದನ್ನ ನೀನು ತೆಗೆದುಕೊಡು" ಅಂದ. ಖುಷಿಯಿಂದ ಒಪ್ಪಿಕೊಂಡೆ.

ಬೆಳಗಾಗುವ ಮೊದಲೇ ಭದ್ರಾವತಿಗೆ ಹೋಗಿ, ಹೊಳೆ ದಂಡೆಯ ಪೊದೆ ಹಿಂದೆ ಟ್ರೈಪಾಡ್ ನಿಲ್ಲಿಸಿ, ಉದ್ದದ ಲೆನ್ಸ್ ಹಾಕಿ ಕೂತೆ. ಆಚೆ ದಡ ಕಾಣದಷ್ಟು ಮಂಜು. ಬಿಸಿಲು ಬಿದ್ದು ಅದು ಸರಿದಾಗ ನೋಡಿದರೆ ಎದುರಿಗೇ ಮೆಟ್ಟಿಲು, ಅಲ್ಲಿ ಬಟ್ಟೆ ಒಗೆಯುವ, ಸ್ನಾನ ಮಾಡುವ ಹೆಂಗಸರು! ಗಾಬರಿಯಾಗಿ ಕ್ಯಾಮೆರಾ ಆಫ್ ಮಾಡುವಷ್ಟರಲ್ಲಿ ಒಬ್ಬಾಕೆ ಕೂಗಿದರು, "ಅಲ್ಲಿ ನೋಡ್ರೇ, ಪೊದೆಯಲ್ಲಿ ಯಾವನೋ ವಿಡಿಯೋ ಮಾಡ್ತಿದ್ದಾನೆ!"

ವಾಕಿಂಗ್ ಬಂದಿದ್ದ ಗಂಡಸರು ಓಡಿಬಂದು ನನ್ನ ಕಾಲರ್ ಹಿಡಿದರು. ಒಬ್ಬ ಕ್ಯಾಮೆರಾ ಕಿತ್ತುಕೊಂಡು ಹೊಳೆಗೆ ಎಸೆಯಲು ಎತ್ತಿದ.

"ಮಂಜು ತೆಗೀತಿದ್ದೆ ಸಾರ್..."

"ಯಾವಳೋ ಅವಳು ಮಂಜು?" ಅಂತ ಇನ್ನೊಬ್ಬ ಕೆನ್ನೆಗೆ ಒಂದು ಬಿಟ್ಟ.

ಅಷ್ಟರಲ್ಲಿ ಕೂಗಿದ್ದ ಹೆಂಗಸು ಸೇತುವೆ ದಾಟಿ ಒದ್ದೆ ಸೀರೆಯಲ್ಲೇ ಬಂದರು. ಹೆಸರು ಸೆಲ್ವಿ, ಐವತ್ತರ ಆಸುಪಾಸು. "ತಡೀರಿ, ಏನು ತೆಗೆದಿದ್ದಾನೆ ತೋರಿಸಲಿ" ಅಂದರು.

ಕ್ಯಾಮೆರಾ ವಾಪಸ್ ತೆಗೆದುಕೊಂಡು ತೋರಿಸಿದೆ. ಬರೀ ಬಿಳಿ ಮಂಜು. ಎಷ್ಟು ಹೊತ್ತಾದರೂ ಅದೇ. ಕೊನೆಯಲ್ಲಿ ಮಾತ್ರ ಮೆಟ್ಟಿಲು ಕಂಡಿತು, ಹೆಂಗಸರೂ ಕಂಡರು. "ಇದು ನಾನೇ" ಅಂದರು ಸೆಲ್ವಿ. ಅವರೆದುರೇ ಪೂರ್ತಿ ಅಳಿಸಿದೆ.

"ನಿನ್ನ ಮಂಜೂ ಹೋಯ್ತಾ?"

"ಹೋಯ್ತಮ್ಮ."

ಸೆಲ್ವಿ ಒದ್ದೆ ಸೆರಗು ಹಿಂಡಿಕೊಂಡರು. "ನಾಳೆ ಬಾ. ಬಿಸಿಲು ಬಂದ ಮೇಲೆ ಹೊಳೆಗೆ ಇಳಿಯೋಣ ಅಂತ ನಮ್ಮವರಿಗೆ ಹೇಳ್ತೀನಿ. ಆದ್ರೆ ಪೊದೇಲಿ ಕೂರಬೇಡ. ಎಲ್ಲರಿಗೂ ಕಾಣೋ ಹಾಗೆ ನಿಂತ್ಕೋ."

ಊದಿದ ಕೆನ್ನೆ ನೋಡಿ ಹೆಂಡತಿ "ಮತ್ತೆ ಆ ಕಡೆ ಹೋಗಲೇಬೇಡಿ" ಅಂದಳು. ಹೊಡೆದವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹೊಡೆಯುತ್ತಿದ್ದೆ. ಮರುದಿನ ಹೋಗಿ ಬಯಲಲ್ಲೇ ನಿಂತೆ. ಮೆಟ್ಟಿಲ ಮೇಲೆ ಒಬ್ಬರೂ ಇರಲಿಲ್ಲ. ಮಂಜು ನಿಧಾನವಾಗಿ ಎದ್ದು ಹೋಯಿತು. ನಾನು ಕ್ಯಾಮೆರಾ ಮುಚ್ಚಿ ಕೈ ಎತ್ತಿದ ಮೇಲೆಯೇ, ರಸ್ತೆ ಬದಿ ಕಾಯುತ್ತಿದ್ದ ಹೆಂಗಸರು ಬಕೆಟ್ ಹಿಡಿದು ಇಳಿದು ಬಂದರು.

ಸುಮಂತನ ಚಿತ್ರ ನೋಡಿದವರು "ಯಾವ ಕಾಡಿನ ಹೊಳೆ ಇದು, ಒಂದು ನರಪಿಳ್ಳೆಯೂ ಇಲ್ಲ!" ಅನ್ನುತ್ತಾರೆ. ನನಗೆ ಮಾತ್ರ ಆ ಮಂಜಿನ ಆಚೆ, ಚಳಿಯಲ್ಲಿ ಸೆರಗು ಹೊದ್ದು ನಿಂತ ಅಷ್ಟೂ ಜನ ಕಾಣುತ್ತಾರೆ.