ಎಲ್ಲವೂ ಗೋವಾದ ನಾಣ್ಯಗಳೇ

ಇವತ್ತು ಕಪಾಟು ಸ್ವಚ್ಛ ಮಾಡುವಾಗ ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ತಂಬಾಕಿನ ವಾಸನೆ ಬಂತು. ಸದಾಶಿವನಗರದಲ್ಲಿ ಕೂತಿದ್ದವನು ನೇರವಾಗಿ ಚಿಕ್ಕಂದಿನ ನಮ್ಮೂರು ಪಾರಿಶ್ವಾಡಕ್ಕೆ ಹೋಗಿ ಬಿದ್ದೆ.

ನಮ್ಮ ಕಾಕಾ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ರಜೆಗೆ ಬಂದಾಗ ಕಿಸೆಯಲ್ಲಿದ್ದ ಪರದೇಶದ ಚಿಲ್ಲರೆಯನ್ನೆಲ್ಲ ಈ ಡಬ್ಬಿಗೆ ಸುರಿಯುತ್ತಿದ್ದ. ಒಂದು ಸಲ ಹೋದವನು ತಿರುಗಿ ಬರಲೇ ಇಲ್ಲ. ಅವನ ತಾಯಿ, ಅಂದರೆ ನಮ್ಮ ಆಯಿ, ಸಂಜೆಯಾದರೆ ಡಬ್ಬಿ ಹಿಡಿದು ನನ್ನ ಮುಂದೆ ಕೂರುತ್ತಿದ್ದಳು. ಇಡೀ ಶಾಲೆಗೆ ಭೂಗೋಳದಲ್ಲಿ ನಾನೇ ಹುಲಿ. ಇದನ್ನು ಈಗಲೂ ಯಾರೂ ಅಲ್ಲಗಳೆಯಲಾರರು.

"ಇದು ಯಾವ ಊರಿಂದೋ, ಶಾಣ್ಯಾ?"

"ಗೋವಾದ್ದು ಆಯಿ. ಘಾಟ ಇಳದ್ರ ಅಲ್ಲೇ ಐತಿ."

ತೂತಿನ ನಾಣ್ಯವೂ ಗೋವಾದ್ದು, ರಾಣಿಯ ಮುಖದ್ದೂ ಗೋವಾದ್ದು. ದೂರದ ಹೆಸರು ಹೇಳಿದರೆ ಆಕೆ ಅಂದು ಉಣ್ಣುತ್ತಿರಲಿಲ್ಲ. ಒಮ್ಮೆ ಡಬ್ಬಿ ಮುಚ್ಚಿ ಕೇಳಿದಳು.

"ಇಷ್ಟ ಹತ್ತಿರ ಅದಾನಂದ್ರ ಮನಿಗ್ಯಾಕ ಬರವಲ್ಲ ಅವ?"

ಈ ಹುಲಿ ಮೆಲ್ಲಗೆ ಎದ್ದು ಹಿತ್ತಲಿಗೆ ಹೋಯಿತು.

ಇವತ್ತು ಮೊಬೈಲು ಹಿಡಿದು ನೋಡಿದೆ. ತೂತಿನದು ಜಪಾನಿನದಂತೆ, ರಾಣಿಯದು ಆಸ್ಟ್ರೇಲಿಯಾದ್ದಂತೆ. ನನ್ನಷ್ಟು ಬೇಗ ಅದಕ್ಕೆ ಹೇಳಲಾಗಲಿಲ್ಲ ಬಿಡಿ. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಆದರೂ ಒಂದೊಂದನ್ನೇ ಡಬ್ಬಿಗೆ ಹಾಕುತ್ತ ಜೋರಾಗಿಯೇ ಹೇಳಿದೆ, "ಗೋವಾದ್ದು ಆಯಿ. ಇದೂ ಗೋವಾದ್ದ."